ಏಳರಲ್ಲಿ ಒಂದು ಮತ: ಲಾಸ್ ಏಂಜಲೀಸ್‌ನ ಶಾಲಾ ಮಂಡಳಿ ಸದಸ್ಯರು ಮತ್ತೆ ಮತ ಕೇಳಲು ಬಂದಾಗ

ಕ್ಯಾಲಿಫೋರ್ನಿಯದಲ್ಲಿ ಚುನಾವಣೆ ಹತ್ತಿರ ಬಂದರೆ ಸಕ್ರಿಯ ಮತದಾರರೆಲ್ಲರ ಮನೆಗೂ ಅಂಚೆಯಲ್ಲಿ ಮತಪತ್ರ ಬರುತ್ತದೆ. 2024ರ ನವೆಂಬರ್ ಚುನಾವಣೆಯ ಮತಪತ್ರದಲ್ಲಿ ದೇಶದ ಅಧ್ಯಕ್ಷರ ಹುದ್ದೆಯಿತ್ತು, ಸೆನೆಟ್ ಇತ್ತು, ರಾಜ್ಯದ ಶಾಸನಸಭೆಯಿತ್ತು, ನ್ಯಾಯಾಧೀಶರ ಸ್ಥಾನಗಳಿದ್ದವು, ಜೊತೆಗೆ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕಾದ ಹತ್ತು ರಾಜ್ಯಮಟ್ಟದ ಪ್ರಸ್ತಾವಗಳೂ ಇದ್ದವು. ಇಷ್ಟರ ನಡುವೆ, ಲಾಸ್ ಏಂಜಲೀಸ್‌ನ ಕೆಲವು ಬಡಾವಣೆಗಳ ಮತದಾರರಿಗೆ ಇನ್ನೂ ಒಂದು ಚಿಕ್ಕ ಚೌಕ ಕಾಣಿಸಿತು: ಶಿಕ್ಷಣ ಮಂಡಳಿಯ ಸದಸ್ಯ, ಇಂಥ ನಂಬರಿನ ಕ್ಷೇತ್ರ, ಎರಡು ಹೆಸರು. ಆ ಹೆಸರುಗಳ ಪಕ್ಕದಲ್ಲಿ ಪಕ್ಷದ ಗುರುತಿರಲಿಲ್ಲ. ಶಾಲೆ, ನಗರ ಮತ್ತು ಕೌಂಟಿಯ ಹುದ್ದೆಗಳು ಪಕ್ಷರಹಿತವಾಗಿರಬೇಕು ಎಂದು ಆ ರಾಜ್ಯದ ಸಂವಿಧಾನವೇ ಹೇಳುತ್ತದೆ. ಹೆಸರಿನ ಕೆಳಗೆ ಅಭ್ಯರ್ಥಿಯ ಉದ್ಯೋಗವನ್ನು ಸೂಚಿಸುವ, ಮೂರು ಪದ ಮೀರದ ಒಂದು ಸಾಲಿಗಷ್ಟೇ ಅವಕಾಶ. ಆದರೆ ಆ ಹುದ್ದೆಯಲ್ಲಿ ಈಗಾಗಲೇ ಚುನಾಯಿತರಾಗಿ ಕುಳಿತವರಿಗೆ ಕಾನೂನು ಮತ್ತೊಂದು ಅನುಕೂಲ ಕೊಟ್ಟಿದೆ. ಅವರು ಆ ಸಾಲಿನಲ್ಲಿ ತಮ್ಮ ಹುದ್ದೆಯ ಹೆಸರನ್ನೇ ಬರೆಸಬಹುದು, ಅಥವಾ ‘ಹಾಲಿ ಸದಸ್ಯ’ ಎಂಬ ಅರ್ಥದ ಒಂದೇ ಪದವನ್ನು ಹಾಕಿಸಬಹುದು.

ಚಿಹ್ನೆ ನೋಡಿ ಮತ ಹಾಕುವ ಅಭ್ಯಾಸವಿರುವ ನಮಗೆ ಆ ಒಂದು ಪದದ ತೂಕ ಕೂಡಲೇ ಅಂದಾಜಾಗುವುದಿಲ್ಲ. ಪಕ್ಷವೂ ಗೊತ್ತಿಲ್ಲದ, ಮುಖವೂ ಗೊತ್ತಿಲ್ಲದ ಇಬ್ಬರ ನಡುವೆ ಆರಿಸಬೇಕಾದ ಮತದಾರನಿಗೆ ‘ಹಾಲಿ’ ಎಂಬುದೊಂದೇ ಗುರುತು. ಒಳ್ಳೆಯದೋ ಕೆಟ್ಟದ್ದೋ, ಇವರು ಈಗಾಗಲೇ ಕೆಲಸ ಮಾಡಿದವರು ಎಂಬ ಒಂದೇ ಸಂಗತಿಯನ್ನು ಅದು ಹೇಳುತ್ತದೆ. ಹಾಗಾದರೆ ಆ ಕೆಲಸ ಯಾವುದು, ಮರುಆಯ್ಕೆ ಬಯಸಿ ಬಂದ ಸದಸ್ಯರನ್ನು ಯಾವುದರಿಂದ ಅಳೆಯಬೇಕು ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ. ಅಮೆರಿಕದಲ್ಲಿ ಶಾಲಾ ಮಂಡಳಿಗಳು ಸಾವಿರಾರು ಇವೆ. ಲಾಸ್ ಏಂಜಲೀಸ್ ಯೂನಿಫೈಡ್ ಸ್ಕೂಲ್ ಡಿಸ್ಟ್ರಿಕ್ಟ್ ಅವುಗಳ ಪೈಕಿ ಗಾತ್ರದಲ್ಲೂ ಜಗಳದಲ್ಲೂ ಎದ್ದು ಕಾಣುವಂಥದ್ದಾದ್ದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಮೊದಲು ‘ಡಿಸ್ಟ್ರಿಕ್ಟ್’ ಎಂಬ ಪದದ ಗೊಂದಲ ಪರಿಹಾರವಾಗಲಿ, ಏಕೆಂದರೆ ಇಲ್ಲಿ ಅದು ಎರಡು ಅರ್ಥಗಳಲ್ಲಿ ಬರುತ್ತದೆ. ಸ್ಕೂಲ್ ಡಿಸ್ಟ್ರಿಕ್ಟ್ ಎಂದರೆ ನಮ್ಮ ಕಂದಾಯ ಜಿಲ್ಲೆಯಲ್ಲ, ನಗರಸಭೆಯ ಒಂದು ಇಲಾಖೆಯೂ ಅಲ್ಲ. ಶಾಲೆಗಳನ್ನು ನಡೆಸುವುದಕ್ಕೆಂದೇ ಇರುವ, ತನ್ನದೇ ಗಡಿ, ಬಜೆಟ್ಟು ಮತ್ತು ಚುನಾಯಿತ ಮಂಡಳಿಯಿರುವ ಪ್ರತ್ಯೇಕ ಸ್ಥಳೀಯ ಸರ್ಕಾರ ಅದು. ಲಾಸ್ ಏಂಜಲೀಸ್‌ನ ಸ್ಕೂಲ್ ಡಿಸ್ಟ್ರಿಕ್ಟ್ ಸುಮಾರು 710 ಚದರ ಮೈಲಿ ಹರಡಿದೆ. ನಗರದ ಎಲ್ಲೆಯನ್ನು ದಾಟಿ, ಸುತ್ತಲಿನ ಎರಡು ಡಜನ್‌ಗಿಂತ ಹೆಚ್ಚು ಸಣ್ಣಪುಟ್ಟ ನಗರಗಳನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಒಳಗೊಂಡಿದೆ. ಈ ಇಡೀ ಪ್ರದೇಶವನ್ನು ಏಳು ಚುನಾವಣಾ ಕ್ಷೇತ್ರಗಳಾಗಿ ವಿಂಗಡಿಸಿದ್ದಾರೆ, ಅವುಗಳನ್ನೂ ಅಲ್ಲಿ ‘ಡಿಸ್ಟ್ರಿಕ್ಟ್’ ಎಂದೇ ಕರೆಯುತ್ತಾರೆ. ನಾನು ಇವುಗಳನ್ನು ಕ್ಷೇತ್ರ ಎನ್ನುತ್ತೇನೆ. ಕ್ಷೇತ್ರಕ್ಕೆ ಒಬ್ಬ ಸದಸ್ಯ, ಸಾಮಾನ್ಯವಾಗಿ ನಾಲ್ಕು ವರ್ಷದ ಅವಧಿ, 2007ರಲ್ಲಿ ಮತದಾರರೇ ಒಪ್ಪಿದ ತಿದ್ದುಪಡಿಯ ಪ್ರಕಾರ ಹೆಚ್ಚೆಂದರೆ ಮೂರು ಅವಧಿ.

ಗಾತ್ರದ ಬಗ್ಗೆ ಒಂದು ಮಾತು. ಎರಡು ದಶಕಗಳ ಹಿಂದೆ ಇಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು, ಈಗ ಆ ಸಂಖ್ಯೆ ನಾಲ್ಕು ಲಕ್ಷದ ಆಸುಪಾಸಿಗೆ ಇಳಿದಿದೆ. ಆದರೂ ವಾರ್ಷಿಕ ಬಜೆಟ್ಟು ಸುಮಾರು 1,800 ಕೋಟಿ ಡಾಲರ್. ಕರ್ನಾಟಕ ಸರ್ಕಾರ 2025-26ರ ಬಜೆಟ್ಟಿನಲ್ಲಿ ಇಡೀ ರಾಜ್ಯದ ಶಿಕ್ಷಣಕ್ಕೆ ತೆಗೆದಿಟ್ಟದ್ದು 45,286 ಕೋಟಿ ರೂಪಾಯಿ. ರೂಪಾಯಿಗೆ ತಿರುಗಿಸಿ ನೋಡಿದರೆ ಲಾಸ್ ಏಂಜಲೀಸ್‌ನ ಏಳು ಜನ ಸದಸ್ಯರು ಒಪ್ಪಿಗೆ ಕೊಡುವ ಮೊತ್ತ ಅದರ ಮೂರು ಪಟ್ಟಿಗೂ ಮೀರುತ್ತದೆ. ಸಂಬಳ, ಬೆಲೆಗಳಲ್ಲಿ ಎರಡು ದೇಶಗಳ ನಡುವೆ ಅಜಗಜಾಂತರವಿರುವುದರಿಂದ ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದು, ಆದರೆ ಮತಪತ್ರದ ಮೂಲೆಯಲ್ಲಿ ಕೂತ ಆ ಹುದ್ದೆ ಸಣ್ಣದಲ್ಲ ಎಂಬುದಕ್ಕೆ ಇಷ್ಟು ಸಾಕು. ದೇಶದ ಅತಿ ದೊಡ್ಡ ಸ್ಕೂಲ್ ಡಿಸ್ಟ್ರಿಕ್ಟ್ ಇರುವ ನ್ಯೂಯಾರ್ಕಿನಲ್ಲಿ 2002ರಿಂದ ಶಾಲೆಗಳ ಹಿಡಿತ ಮೇಯರ್ ಕೈಯಲ್ಲಿದೆ. ಶಿಕಾಗೊದಲ್ಲಿ ಶಾಲಾ ಮಂಡಳಿಗೆ ಮೊದಲ ಚುನಾವಣೆ ನಡೆದದ್ದೇ 2024ರಲ್ಲಿ. ಹೀಗಾಗಿ ಚುನಾಯಿತ ಮಂಡಳಿ ಆಳುವ ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ ಲಾಸ್ ಏಂಜಲೀಸ್‌ನದೇ ಎಲ್ಲಕ್ಕಿಂತ ದೊಡ್ಡದು.

ಧಾರವಾಡ, ಬೆಳಗಾವಿ ಕಡೆಯ ಹಿರಿಯರಿಗೆ ‘ಸ್ಕೂಲ್ ಬೋರ್ಡ್’ ಎಂಬ ಮಾತು ಹೊಸದಲ್ಲ. ಮುಂಬಯಿ ಪ್ರಾಂತ್ಯದ 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳಿಗೆ ವಹಿಸಿತ್ತು, ಆ ಹೆಸರು ಜನರ ಬಾಯಲ್ಲಿ ಬಹುಕಾಲ ಉಳಿಯಿತು. ಇಂದು ನಮ್ಮ ಸರ್ಕಾರಿ ಶಾಲೆಗಳಲ್ಲಿರುವ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬೇರೆಯದೇ ಬಗೆಯದು. ಅದು ಒಂದೊಂದು ಶಾಲೆಗೆ ಒಂದೊಂದು, ಅದರಲ್ಲಿರುವವರು ಮುಖ್ಯವಾಗಿ ಆ ಶಾಲೆಯ ಮಕ್ಕಳ ಪೋಷಕರು, ಶಿಕ್ಷಕರನ್ನು ನೇಮಿಸುವ ಅಧಿಕಾರ ಅದಕ್ಕಿಲ್ಲ. ಲಾಸ್ ಏಂಜಲೀಸ್‌ನ ಮಂಡಳಿಗೆ ನಿಲ್ಲುವವರು ಪೋಷಕರೇ ಆಗಿರಬೇಕೆಂದಿಲ್ಲ. ಮತ ಹಾಕುವವರಿಗೂ ಶಾಲೆಗೆ ಹೋಗುವ ಮಕ್ಕಳಿರಬೇಕೆಂದಿಲ್ಲ.

ಈಗ ಕೆಲಸದ ವಿಷಯ. ಮಂಡಳಿಯ ಅತಿ ಮುಖ್ಯ ಕೆಲಸವೆಂದರೆ ಸೂಪರಿಂಟೆಂಡೆಂಟ್ ಎಂಬ ಮುಖ್ಯಾಧಿಕಾರಿಯನ್ನು ಆರಿಸುವುದು, ಬೇಡವಾದಾಗ ಕಳಿಸುವುದು. ಶಾಲೆಗಳ ದಿನನಿತ್ಯದ ಆಡಳಿತ ಆ ಅಧಿಕಾರಿಯದು. ಮಂಡಳಿ ಬಜೆಟ್ಟನ್ನು ಅಂಗೀಕರಿಸುತ್ತದೆ, ಶಿಕ್ಷಕರ ಮತ್ತು ಇತರ ನೌಕರರ ಸಂಘಗಳ ಜೊತೆಗಿನ ಒಪ್ಪಂದಕ್ಕೆ ಮುದ್ರೆ ಹಾಕುತ್ತದೆ, ಸಾರ್ವಜನಿಕ ಹಣದಿಂದ ಸ್ವತಂತ್ರ ಸಂಸ್ಥೆಗಳು ನಡೆಸುವ ‘ಚಾರ್ಟರ್’ ಶಾಲೆಗಳಿಗೆ ಅನುಮತಿ ಕೊಡುತ್ತದೆ ಅಥವಾ ನಿರಾಕರಿಸುತ್ತದೆ, ಶಾಲೆಗಳಿಗೆ ಅನ್ವಯಿಸುವ ನಿಯಮಗಳನ್ನು ಮಾಡುತ್ತದೆ. ತರಗತಿಗಳಲ್ಲಿ ಮಕ್ಕಳ ಮೊಬೈಲ್ ಫೋನನ್ನು ನಿರ್ಬಂಧಿಸುವ ತೀರ್ಮಾನ ಇಂಥ ಒಂದು ನಿಯಮ. 2024ರ ಜೂನ್‌ನಲ್ಲಿ ಮಂಡಳಿ ಅದಕ್ಕೆ ಮತ ಹಾಕಿತು, 2025ರ ಫೆಬ್ರವರಿಯಿಂದ ಅದು ಜಾರಿಗೆ ಬಂತು. ಇವೆಲ್ಲವೂ ಮಂಡಳಿ ಒಟ್ಟಾಗಿ ಮಾಡುವ ಕೆಲಸಗಳು. ಸದಸ್ಯನೊಬ್ಬ ತಾನಾಗಿಯೇ ಒಬ್ಬ ಮುಖ್ಯೋಪಾಧ್ಯಾಯರನ್ನೂ ವರ್ಗ ಮಾಡಲಾರ, ಒಂದು ಶಾಲೆಯ ಬೀಗವನ್ನೂ ಬದಲಿಸಲಾರ. ಅವನ ಅಧಿಕಾರವೆಲ್ಲ ಏಳರಲ್ಲಿ ಒಂದು ಮತ. ನಾಲ್ಕು ಮತ ಕೂಡಿದಲ್ಲಿ ಮಾತ್ರ ಏನಾದರೂ ಆಗುತ್ತದೆ.

ಮಾಡಲಾಗದ್ದರ ಪಟ್ಟಿ ಇನ್ನೂ ಉದ್ದವಿದೆ, ಮತ್ತು ಪ್ರಚಾರದ ಕರಪತ್ರಗಳಲ್ಲಿ ಹೆಚ್ಚು ಮುಚ್ಚಿಹೋಗುವುದು ಅದೇ. ಮಂಡಳಿ ಆಸ್ತಿ ತೆರಿಗೆಯ ದರವನ್ನು ತಾನೇ ಏರಿಸುವಂತಿಲ್ಲ. 1978ರಲ್ಲಿ ಮತದಾರರು ಒಪ್ಪಿದ 13ನೇ ಪ್ರಸ್ತಾವ ಆ ತೆರಿಗೆಯನ್ನು ಆಸ್ತಿಯ ನಿಗದಿತ ಮೌಲ್ಯದ ಶೇಕಡಾ 1ಕ್ಕೆ ಕಟ್ಟಿಹಾಕಿತು, ಅಂದಿನಿಂದ ಶಾಲೆಗಳ ಹಣದ ಕೀಲಿಕೈ ಬಹುಪಾಲು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಯಿತು. 2013ರಲ್ಲಿ ಬಂದ ಹೊಸ ಸೂತ್ರದ ಪ್ರಕಾರ ರಾಜ್ಯ ಪ್ರತಿ ಮಗುವಿಗೆ ಇಷ್ಟು ಎಂದು ಮೂಲಧನ ಕೊಡುತ್ತದೆ. ಬಡ ಮನೆಯ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಸರ್ಕಾರದ ಪಾಲನೆಯಲ್ಲಿರುವ ಮಕ್ಕಳು ಇದ್ದರೆ ಅದರ ಮೇಲೆ ಶೇಕಡಾ 20ರಷ್ಟು ಹೆಚ್ಚುವರಿ ಸೇರಿಸುತ್ತದೆ, ಇಂಥ ಮಕ್ಕಳು ಒಟ್ಟು ಸಂಖ್ಯೆಯ ಶೇಕಡಾ 55 ದಾಟಿದ ಕಡೆ ಇನ್ನಷ್ಟು ಕೊಡುತ್ತದೆ. ಈ ಲೆಕ್ಕ ನಡೆಯುವುದು ದಾಖಲಾತಿಯ ಮೇಲಲ್ಲ, ಸರಾಸರಿ ಹಾಜರಾತಿಯ ಮೇಲೆ. ಜ್ವರ ಬಂದು ಮಗು ಮನೆಯಲ್ಲಿ ಉಳಿದ ದಿನಗಳೂ ಆ ಸರಾಸರಿಯಲ್ಲಿ ಸೇರಿ ಸ್ಕೂಲ್ ಡಿಸ್ಟ್ರಿಕ್ಟ್‌ನ ಆದಾಯವನ್ನು ತಗ್ಗಿಸುತ್ತವೆ. ಮೂರು ಲಕ್ಷ ಮಕ್ಕಳು ಕಡಿಮೆಯಾದ ಊರಿನಲ್ಲಿ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮಕ್ಕಳು ಕಡಿಮೆಯಾದಷ್ಟೇ ವೇಗವಾಗಿ ಕಟ್ಟಡಗಳ, ಬಸ್ಸುಗಳ, ನಿವೃತ್ತ ನೌಕರರ ಆರೋಗ್ಯ ವಿಮೆಯ ಖರ್ಚು ಕಡಿಮೆಯಾಗುವುದಿಲ್ಲ.

ಬಾಂಡ್ ಸಾಲ ಎಂಬುದು ಬೇರೆಯೇ ಜೇಬು. ಶಾಲೆಗಳನ್ನು ಕಟ್ಟಲು, ದುರಸ್ತಿ ಮಾಡಲು ಮಂಡಳಿ ಮತದಾರರ ಒಪ್ಪಿಗೆ ಪಡೆದು ದೀರ್ಘಾವಧಿ ಸಾಲ ಎತ್ತಬಹುದು. ಮೊದಲು ಇದಕ್ಕೆ ಮೂರನೇ ಎರಡರಷ್ಟು ಮತ ಬೇಕಿತ್ತು, 2000ನೇ ಇಸವಿಯ 39ನೇ ಪ್ರಸ್ತಾವ ಅದನ್ನು ಶೇಕಡಾ 55ಕ್ಕೆ ಇಳಿಸಿತು. 2024ರಲ್ಲಿ ಲಾಸ್ ಏಂಜಲೀಸ್ ಮತದಾರರು 900 ಕೋಟಿ ಡಾಲರಿನ ಬಾಂಡಿಗೆ ಹೂಂ ಎಂದರು. ಆದರೆ ಆ ಹಣದಿಂದ ಶಿಕ್ಷಕರಿಗೆ ಸಂಬಳ ಕೊಡುವಂತಿಲ್ಲ. ‘ನೂರಾರು ಕೋಟಿ ತಂದೆ’ ಎಂದು ಒಬ್ಬ ಸದಸ್ಯರು, ‘ಇಷ್ಟು ಹಣವಿದ್ದೂ ಶಾಲೆಗೊಬ್ಬ ನರ್ಸ್ ಇಲ್ಲ’ ಎಂದು ಅವರ ಎದುರಾಳಿ ಹೇಳಿದರೆ, ಇಬ್ಬರೂ ಬೇರೆ ಬೇರೆ ಜೇಬುಗಳ ಬಗ್ಗೆ ಮಾತಾಡುತ್ತಿದ್ದಾರೆ ಎಂದು ತಿಳಿಯಬೇಕು.

ಈ ಜೇಬುಗಳನ್ನು ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಲಾಸ್ ಏಂಜಲೀಸ್‌ನಲ್ಲೇ ಒಂದು ಕಹಿ ಪಾಠವಿದೆ. 2013ರಲ್ಲಿ ಪ್ರತಿ ವಿದ್ಯಾರ್ಥಿಯ ಕೈಗೂ ಐಪ್ಯಾಡ್ ಕೊಡುವ ಸುಮಾರು 130 ಕೋಟಿ ಡಾಲರಿನ ಯೋಜನೆಯನ್ನು ಅಂದಿನ ಸೂಪರಿಂಟೆಂಡೆಂಟ್ ಜಾನ್ ಡೀಸಿ ಮುಂದಿಟ್ಟರು, ಮಂಡಳಿ ಒಪ್ಪಿತು. ಅದಕ್ಕೆ ಬಳಸಿದ್ದು ಶಾಲಾ ಕಟ್ಟಡಗಳಿಗೆಂದು ಎತ್ತಿದ ಬಾಂಡ್ ಹಣವನ್ನು. ಮೂರ್ನಾಲ್ಕು ವರ್ಷ ಬಾಳುವ ಸಾಧನಕ್ಕೆ ದಶಕಗಳ ಕಾಲ ತೀರಿಸಬೇಕಾದ ಸಾಲ. ಹಂಚಿದ ಕೆಲವೇ ದಿನಗಳಲ್ಲಿ ಮಕ್ಕಳು ಅದರ ಬೀಗ ಮುರಿದು ತಮಗೆ ಬೇಕಾದ ಜಾಲತಾಣಗಳನ್ನು ತೆರೆದರು, ಒಳಗಿರಬೇಕಾದ ಪಠ್ಯ ಅರೆಬರೆಯಾಗಿತ್ತು, ಖರೀದಿಯ ಕ್ರಮದ ಮೇಲೆ ಪ್ರಶ್ನೆಗಳೆದ್ದವು. 2014ರ ಶಾಲಾ ವರ್ಷದ ಆರಂಭದಲ್ಲಿ ವಿದ್ಯಾರ್ಥಿಗಳ ದಾಖಲೆಯ ಹೊಸ ಕಂಪ್ಯೂಟರ್ ವ್ಯವಸ್ಥೆಯೂ ಕೈಕೊಟ್ಟು, ಎಷ್ಟೋ ಮಕ್ಕಳಿಗೆ ಯಾವ ತರಗತಿಗೆ ಹೋಗಬೇಕೆಂಬುದೇ ತಿಳಿಯದಾಯಿತು. ಆ ಅಕ್ಟೋಬರಿನಲ್ಲಿ ಡೀಸಿ ರಾಜೀನಾಮೆ ಕೊಟ್ಟರು.

ಇದಾದ ಏಳು ತಿಂಗಳಿಗೆ, 2015ರ ಮೇನಲ್ಲಿ, ಮೂವರು ಹಾಲಿ ಸದಸ್ಯರು ಎರಡನೇ ಸುತ್ತಿನ ಚುನಾವಣೆ ಎದುರಿಸಿದರು. ಇಬ್ಬರು ಸೋತರು. ಡೀಸಿಯ ಪರವಾಗಿದ್ದ ಟ್ಯಾಮರ್ ಗ್ಯಾಲಟ್ಜನ್ 3ನೇ ಕ್ಷೇತ್ರದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯ ಸ್ಕಾಟ್ ಶ್ಮೆರೆಲ್ಸನ್ ಎದುರು ಸೋತರು. ಶಿಕ್ಷಕರ ಸಂಘದ ಬೆಂಬಲವಿದ್ದ ಬೆನೆಟ್ ಕೈಸರ್ 5ನೇ ಕ್ಷೇತ್ರದಲ್ಲಿ, ಚಾರ್ಟರ್ ಶಾಲೆಗಳನ್ನು ಸ್ಥಾಪಿಸಿ ನಡೆಸಿದ್ದ ರೆಫ್ ರೊಡ್ರಿಗಸ್ ಎದುರು ಸೋತರು. ಒಂದೇ ದಿನ ಎರಡೂ ಬಣಗಳ ಹಾಲಿ ಸದಸ್ಯರಿಗೆ ಮತದಾರ ಬಾಗಿಲು ತೋರಿಸಿದ. ‘ಹಾಲಿ’ ಎಂಬ ಪದ ಆಸರೆಯೂ ಹೌದು, ಹೊರೆಯೂ ಹೌದು ಎಂಬುದು ಅಂದು ಕಂಡಿತು.

ಬಣ ಎಂದೆ. ಪಕ್ಷಗಳಿಲ್ಲದ ಈ ಚುನಾವಣೆಯಲ್ಲಿ ಬಣಗಳು ಎರಡು, ಅವುಗಳ ಜಗಳದ ನಟ್ಟನಡುವೆ ಇರುವುದು ಚಾರ್ಟರ್ ಶಾಲೆ. 1992ರ ಕ್ಯಾಲಿಫೋರ್ನಿಯ ಕಾಯ್ದೆಯಿಂದ ಹುಟ್ಟಿದ ಈ ಶಾಲೆಗಳು ಸಾರ್ವಜನಿಕ ಹಣದಿಂದ ನಡೆಯುತ್ತವೆ, ಶುಲ್ಕ ಪಡೆಯುವಂತಿಲ್ಲ. ಆದರೆ ಆಡಳಿತ ಸ್ವತಂತ್ರ ಸಂಸ್ಥೆಗಳ ಕೈಯಲ್ಲಿರುತ್ತದೆ, ಶಿಕ್ಷಕರು ಬಹುಮಟ್ಟಿಗೆ ಸಂಘಕ್ಕೆ ಸೇರಿದವರಲ್ಲ. ನಮ್ಮ ಅನುದಾನಿತ ಶಾಲೆಯನ್ನು ನೆನೆದರೆ ಸ್ವಲ್ಪ ಹತ್ತಿರ ಬಂದಂತೆ, ಪೂರ್ತಿ ಅದಲ್ಲ. ಮಗುವಿನ ಜೊತೆಗೆ ಹಣವೂ ಹೋಗುವುದರಿಂದ, ಮಕ್ಕಳು ಕಡಿಮೆಯಾಗುತ್ತಿರುವ ಊರಿನಲ್ಲಿ ಚಾರ್ಟರ್ ಶಾಲೆ ಸೇರಿದ ಪ್ರತಿ ಮಗುವೂ ಸಾಮಾನ್ಯ ಶಾಲೆಯ ಬಜೆಟ್ಟಿನ ಒಂದು ತುಂಡು. ಪೋಷಕರಿಗೆ ಆಯ್ಕೆ ಸಿಕ್ಕಿತು ಎಂದು ಒಂದು ಬಣ, ಉಳಿದ ಮಕ್ಕಳ ಶಾಲೆ ಸೊರಗಿತು ಎಂದು ಇನ್ನೊಂದು ಬಣ. ಎರಡೂ ಮಾತಿನಲ್ಲಿ ಸತ್ಯವಿದೆ, ಅದಕ್ಕೇ ಜಗಳ ಮುಗಿಯುವುದಿಲ್ಲ.

ಈ ಜಗಳಕ್ಕೆ ಸುರಿಯುವ ಹಣ ಬೆರಗು ಹುಟ್ಟಿಸುವಂಥದ್ದು. 2007ರ ಅದೇ ತಿದ್ದುಪಡಿ ಅಭ್ಯರ್ಥಿಗೆ ಒಬ್ಬರು ಕೊಡಬಹುದಾದ ದೇಣಿಗೆಗೆ ಒಂದು ಸಾವಿರ ಡಾಲರಿನ ಮಿತಿ ಹಾಕಿತ್ತು. ಆದರೆ ಅಭ್ಯರ್ಥಿಯ ಜೊತೆ ಸಮಾಲೋಚಿಸದೆ ಹೊರಗಿನವರು ಸ್ವತಂತ್ರವಾಗಿ ಮಾಡುವ ಪ್ರಚಾರದ ಖರ್ಚಿಗೆ ಮಿತಿಯಿಲ್ಲ. 2013ರಲ್ಲಿ ನ್ಯೂಯಾರ್ಕಿನ ಅಂದಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ದೇಶದ ಇನ್ನೊಂದು ತುದಿಯ ಈ ಚುನಾವಣೆಗೆ ಹತ್ತು ಲಕ್ಷ ಡಾಲರ್ ಕೊಟ್ಟರು. ಆ ವರ್ಷ 4ನೇ ಕ್ಷೇತ್ರದ ಹಾಲಿ ಸದಸ್ಯ ಸ್ಟೀವ್ ಝಿಮ್ಮರ್ ಶಿಕ್ಷಕರ ಸಂಘದ ಬೆಂಬಲದಿಂದ ಆ ಹಣವನ್ನು ಎದುರಿಸಿ ಗೆದ್ದರು. ನಾಲ್ಕು ವರ್ಷದ ನಂತರ, ಮಂಡಳಿಯ ಅಧ್ಯಕ್ಷರಾಗಿದ್ದಾಗ, ಮೂರನೇ ಬಾರಿ ಮತ ಕೇಳಿದರು. ಎದುರಾಳಿ ನಿಕ್ ಮೆಲ್ವಾಯಿನ್ ಕೂಡ ಝಿಮ್ಮರ್ ಅವರಂತೆಯೇ ‘ಟೀಚ್ ಫಾರ್ ಅಮೆರಿಕ’ ಯೋಜನೆಯ ಮೂಲಕ ತರಗತಿಗೆ ಬಂದವರು. ಒಂದೇ ಬಾಗಿಲಿನಿಂದ ಒಳಬಂದ ಇಬ್ಬರು ಶಿಕ್ಷಕರ ಹಿಂದೆ ಎರಡು ಸೈನ್ಯಗಳು ನಿಂತವು. ಒಂದು ಕಡೆ ಯುನೈಟೆಡ್ ಟೀಚರ್ಸ್ ಲಾಸ್ ಏಂಜಲೀಸ್ ಮತ್ತು ಇತರ ಕಾರ್ಮಿಕ ಸಂಘಗಳು, ಇನ್ನೊಂದು ಕಡೆ ಚಾರ್ಟರ್ ಶಾಲೆಗಳ ಸಂಘಟನೆಯ ರಾಜಕೀಯ ಘಟಕ, ಅದಕ್ಕೆ ಹಣ ಕೊಟ್ಟವರಲ್ಲಿ ನೆಟ್‌ಫ್ಲಿಕ್ಸ್ ಸಹಸಂಸ್ಥಾಪಕ ರೀಡ್ ಹೇಸ್ಟಿಂಗ್ಸ್. ಆ ವರ್ಷದ ಶಾಲಾ ಮಂಡಳಿ ಚುನಾವಣೆಯ ಒಟ್ಟು ಖರ್ಚು ಸುಮಾರು ಒಂದೂವರೆ ಕೋಟಿ ಡಾಲರ್ ಮುಟ್ಟಿತು, ಅಲ್ಲಿಯವರೆಗೆ ಅಮೆರಿಕ ಕಂಡ ಅತ್ಯಂತ ದುಬಾರಿ ಶಾಲಾ ಮಂಡಳಿ ಚುನಾವಣೆ ಅದೇ. ಝಿಮ್ಮರ್ ಸೋತರು. ಚಾರ್ಟರ್ ಬಣ ಬೆಂಬಲಿಸಿದ ಸದಸ್ಯರಿಗೆ ಮೊದಲ ಬಾರಿಗೆ ಏಳರಲ್ಲಿ ನಾಲ್ಕು ಸ್ಥಾನ ಸಿಕ್ಕಿತು.

ನಾಲ್ಕು–ಮೂರರ ಈ ಬಹುಮತ ಎಷ್ಟು ತೆಳು ಎಂಬುದು ಕೆಲವೇ ತಿಂಗಳಲ್ಲಿ ಗೊತ್ತಾಯಿತು. 2015ರ ಪ್ರಚಾರಕ್ಕೆ ಬಂದ ದೇಣಿಗೆಯ ನಿಜವಾದ ಮೂಲವನ್ನು ಮರೆಮಾಚಿದ ಆರೋಪ 2017ರ ಸೆಪ್ಟೆಂಬರಿನಲ್ಲಿ ರೆಫ್ ರೊಡ್ರಿಗಸ್ ಮೇಲೆ ದಾಖಲಾಯಿತು. 2018ರ ಜುಲೈನಲ್ಲಿ ಅವರು ತಪ್ಪೊಪ್ಪಿಕೊಂಡು ಸ್ಥಾನ ಬಿಟ್ಟರು. ಅಷ್ಟರೊಳಗೆ, ಅದೇ ವರ್ಷದ ಮೇನಲ್ಲಿ, ಅವರೂ ಮತ ಹಾಕಿದ್ದ ಮಂಡಳಿ ಹಣಕಾಸು ಕ್ಷೇತ್ರದಿಂದ ಬಂದ ಆಸ್ಟಿನ್ ಬ್ಯೂಟ್ನರ್ ಅವರನ್ನು ಸೂಪರಿಂಟೆಂಡೆಂಟ್ ಆಗಿ ಆರಿಸಿತ್ತು. 2019ರ ಜನವರಿಯಲ್ಲಿ ಶಿಕ್ಷಕರು ಬೀದಿಗಿಳಿದರು, ಮಳೆಯಲ್ಲಿ ಕೊಡೆ ಹಿಡಿದು ಶಾಲೆಗಳ ಮುಂದೆ ನಿಂತರು. 1989ರ ನಂತರ ಅಲ್ಲಿ ನಡೆದ ಮೊದಲ ಶಿಕ್ಷಕರ ಮುಷ್ಕರ ಅದು, ಆರು ಶಾಲಾ ದಿನ ನಡೆಯಿತು. ಕೊನೆಗೆ ಆದ ಒಪ್ಪಂದದಲ್ಲಿ ಶೇಕಡಾ 6ರ ವೇತನ ಏರಿಕೆಯ ಜೊತೆ ತರಗತಿಯ ಮಕ್ಕಳ ಸಂಖ್ಯೆ ಇಳಿಸುವ, ನರ್ಸ್‌ ಮತ್ತು ಗ್ರಂಥಪಾಲಕರನ್ನು ಹೆಚ್ಚಿಸುವ ಮಾತು ಸೇರಿತು. ಆ ಮೇನಲ್ಲಿ ರೊಡ್ರಿಗಸ್ ತೆರವು ಮಾಡಿದ ಸ್ಥಾನಕ್ಕೆ ಸಂಘದ ಬೆಂಬಲವಿದ್ದ ಜಾಕಿ ಗೋಲ್ಡ್‌ಬರ್ಗ್ ಗೆದ್ದು ಬಂದರು, ತಕ್ಕಡಿ ಮತ್ತೆ ವಾಲಿತು. ಒಂದು ಕ್ಷೇತ್ರದ ಒಂದು ಸ್ಥಾನಕ್ಕಾಗಿ ಕೋಟಿಗಟ್ಟಲೆ ಏಕೆ ಸುರಿಯುತ್ತಾರೆ ಎಂದು ಕೇಳುವವರಿಗೆ ಈ ಎರಡು ವರ್ಷದ ಕಥೆಯೇ ಉತ್ತರ.

ಇಲ್ಲಿ ನನಗೆ ನಿಜಕ್ಕೂ ಕಳವಳ ತರುವ ಒಂದು ಅಂಶವಿದೆ. ಸಂಬಳದ ಮಾತುಕತೆಯಲ್ಲಿ ಮೇಜಿನ ಈ ಬದಿ ಮಂಡಳಿ, ಆ ಬದಿ ಶಿಕ್ಷಕರ ಸಂಘ. ಆ ಸಂಘವೇ ಚುನಾವಣೆಯಲ್ಲಿ ಸದಸ್ಯರ ಪರ ಖರ್ಚು ಮಾಡುತ್ತದೆ. ಚಾರ್ಟರ್ ಶಾಲೆಯ ಪರವಾನಗಿ ನವೀಕರಿಸುವುದು ಮಂಡಳಿ, ಆ ಶಾಲೆಗಳ ಬೆಂಬಲಿಗರೂ ಸದಸ್ಯರ ಪರ ಖರ್ಚು ಮಾಡುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಎರಡೂ ಸರಿ. ಆದರೆ ಮರುಆಯ್ಕೆ ಬಯಸುವ ಸದಸ್ಯರು ಮತ ಹಾಕುವಾಗ, ತಮ್ಮ ಮುಂದಿನ ಚುನಾವಣೆಯ ಹಣದ ಮೂಲವನ್ನೇ ಎದುರಿಗೆ ಕಾಣುತ್ತಿರುತ್ತಾರೆ. ಮಕ್ಕಳ ಪೋಷಕರಿಗೆ ಇಂಥ ಖಜಾನೆ ಇಲ್ಲ. ಅವರ ಬಳಿ ಇರುವುದು ಮತ ಮಾತ್ರ, ಮತ್ತು ಅದನ್ನು ಹಾಕುವ ಮುನ್ನ ಸದಸ್ಯರ ದಾಖಲೆಯನ್ನು ಓದುವ ಅವಕಾಶ.

ಆ ದಾಖಲೆ ಎಲ್ಲಿದೆ ಎಂದರೆ ಸಭೆಯ ನಡಾವಳಿಯಲ್ಲಿ. ಪರೀಕ್ಷೆಯ ಅಂಕಗಳು ಏರಿದ್ದಕ್ಕೆ ಹಾಲಿ ಸದಸ್ಯರು ತಮ್ಮ ಬೆನ್ನು ತಟ್ಟಿಕೊಳ್ಳುತ್ತಾರೆ, ಇಳಿದಿದ್ದರೆ ಎದುರಾಳಿ ಅವರನ್ನೇ ದೂರುತ್ತಾರೆ. ಒಂದು ಕ್ಷೇತ್ರದ ಸದಸ್ಯರಿಗೂ ಆ ಕ್ಷೇತ್ರದ ನಾಲ್ಕನೇ ತರಗತಿಯ ಮಕ್ಕಳ ಓದಿಗೂ ನಡುವೆ ಸೂಪರಿಂಟೆಂಡೆಂಟ್, ಮುಖ್ಯೋಪಾಧ್ಯಾಯರು, ಶಿಕ್ಷಕರು, ಮನೆಯ ಸ್ಥಿತಿ, ಒಂದು ಮಹಾಮಾರಿ ಇಷ್ಟೂ ಬರುತ್ತವೆ. ಕರೆದಾಗ ‘ಹೌದು’ ಎಂದರೋ ‘ಇಲ್ಲ’ ಎಂದರೋ ಎಂಬುದು ಮಾತ್ರ ಅವರೊಬ್ಬರದೇ. 2024ರ ಫೆಬ್ರವರಿಯಲ್ಲಿ ನಡೆದ ಒಂದು ಮತದಾನವನ್ನೇ ನೋಡಿ. ಬಾಂಡಿನ ಮಿತಿ ಇಳಿಸಿದ ಆ 39ನೇ ಪ್ರಸ್ತಾವದಲ್ಲೇ ಇನ್ನೊಂದು ವಿಧಿಯಿದೆ: ಸ್ಕೂಲ್ ಡಿಸ್ಟ್ರಿಕ್ಟ್ ತನ್ನ ಕಟ್ಟಡಗಳಲ್ಲಿ ಚಾರ್ಟರ್ ಶಾಲೆಗಳಿಗೂ ಜಾಗ ಕೊಡಬೇಕು. ಹೀಗಾಗಿ ಒಂದೇ ಆವರಣದಲ್ಲಿ ಎರಡು ಶಾಲೆಗಳು ಊಟದ ಸಮಯ, ಆಟದ ಮೈದಾನ, ವಾಹನ ನಿಲುಗಡೆಗೆ ಹೊಂದಿಕೊಳ್ಳಬೇಕಾಗುತ್ತದೆ. ಸಾಮಾನ್ಯ ಶಾಲೆಯವರು ಕಂಪ್ಯೂಟರ್ ಕೋಣೆಯೆಂದೋ ಪೋಷಕರ ಕೋಣೆಯೆಂದೋ ಇಟ್ಟುಕೊಂಡದ್ದು ‘ಖಾಲಿ ತರಗತಿ’ ಎಂದು ಲೆಕ್ಕಕ್ಕೆ ಬಂದು ಕೈತಪ್ಪುವುದೂ ಉಂಟು. ತೀರಾ ಹಿಂದುಳಿದ ಮಕ್ಕಳಿರುವ ಕೆಲವು ಬಗೆಯ ಶಾಲೆಗಳ ಆವರಣದಲ್ಲಿ ಈ ಹಂಚಿಕೆಯನ್ನು ತಪ್ಪಿಸುವ ನೀತಿಯನ್ನು ಮಂಡಳಿ ನಾಲ್ಕು–ಮೂರರಿಂದ ಅಂಗೀಕರಿಸಿತು. ಗೋಲ್ಡ್‌ಬರ್ಗ್, ಶ್ಮೆರೆಲ್ಸನ್ ಪರ. ಮೆಲ್ವಾಯಿನ್ ವಿರುದ್ಧ. ಚಾರ್ಟರ್ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು.

ಆ ವರ್ಷದ ನವೆಂಬರಿನಲ್ಲಿ ಶ್ಮೆರೆಲ್ಸನ್ ತಮ್ಮ ಮೂರನೆಯ ಮತ್ತು ಕೊನೆಯ ಅವಧಿಗೆ ನಿಂತಾಗ ಎದುರಿಗಿದ್ದವರು ಚಾರ್ಟರ್ ಬಣದ ಬೆಂಬಲ ಪಡೆದ ಡ್ಯಾನ್ ಚಾಂಗ್. ಶ್ಮೆರೆಲ್ಸನ್ ಗೆದ್ದರು, ಆದರೆ ಅಂತರ ಕಿರಿದಾಗಿತ್ತು. ಹೊರಗಿನಿಂದ ನೋಡಿದವರಿಗೆ ಅದು ಇಬ್ಬರು ಸಜ್ಜನರ ನಡುವಿನ ಸಾಧಾರಣ ಸ್ಪರ್ಧೆ. ಫೆಬ್ರವರಿಯ ನಡಾವಳಿ ಓದಿದವರಿಗೆ ಅದು ನಾಲ್ಕು ಮೂರಾಗಬೇಕೇ, ಮೂರು ನಾಲ್ಕಾಗಬೇಕೇ ಎಂಬ ಪ್ರಶ್ನೆ.

ಚುನಾವಣೆಯ ದಿನಾಂಕವೂ ಫಲಿತಾಂಶವನ್ನು ತಿರುಗಿಸುತ್ತದೆ. ಮೊದಲು ಈ ಚುನಾವಣೆಗಳು ಬೆಸ ವರ್ಷದ ಮಾರ್ಚ್ ಮತ್ತು ಮೇ ತಿಂಗಳಲ್ಲಿ, ಬೇರೆ ದೊಡ್ಡ ಸ್ಪರ್ಧೆಗಳಿಲ್ಲದ ವೇಳೆಯಲ್ಲಿ ನಡೆಯುತ್ತಿದ್ದವು, ಬೆರಳೆಣಿಕೆಯ ಜನ ಮತ ಹಾಕುತ್ತಿದ್ದರು. 2015ರಲ್ಲಿ ಮತದಾರರು ಒಪ್ಪಿದ ತಿದ್ದುಪಡಿಯಿಂದ 2020ರ ಹೊತ್ತಿಗೆ ಇವು ರಾಜ್ಯ ಮತ್ತು ದೇಶದ ಚುನಾವಣೆಗಳ ಜೊತೆಗೆ, ಸಮ ವರ್ಷಗಳಿಗೆ ಸರಿದವು. ಆ ಬದಲಾವಣೆಗಾಗಿ 2015 ಮತ್ತು 2017ರಲ್ಲಿ ಗೆದ್ದವರಿಗೆ ಒಮ್ಮೆ ಮಾತ್ರ ಐದೂವರೆ ವರ್ಷದ ಅವಧಿ ಸಿಕ್ಕಿತು. ಈಗ ಪ್ರಾಥಮಿಕ ಸುತ್ತಿನಲ್ಲೇ ಅರ್ಧಕ್ಕಿಂತ ಹೆಚ್ಚು ಮತ ಪಡೆದವರು ಗೆದ್ದಂತೆ, ಇಲ್ಲದಿದ್ದರೆ ಮೊದಲ ಇಬ್ಬರ ನಡುವೆ ನವೆಂಬರಿನಲ್ಲಿ ಇನ್ನೊಂದು ಸುತ್ತು. ಮತದಾರರ ಸಂಖ್ಯೆ ಬಹಳ ಹೆಚ್ಚಿದೆ. ಆದರೆ ಅಧ್ಯಕ್ಷರ ಆಯ್ಕೆಗೆಂದು ಮತಪತ್ರ ತೆರೆದವರಲ್ಲಿ ಎಷ್ಟೋ ಜನ ಶಾಲಾ ಮಂಡಳಿಯ ಚೌಕ ತಲುಪುವಷ್ಟರಲ್ಲಿ ದಣಿದು ಅದನ್ನು ಖಾಲಿ ಬಿಡುತ್ತಾರೆ, ಅಥವಾ ‘ಹಾಲಿ’ ಎಂಬ ಪದಕ್ಕೆ ಗುರುತು ಹಾಕಿ ಮುಗಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಬದಲಾವಣೆ ಒಟ್ಟಿನಲ್ಲಿ ಒಳ್ಳೆಯದೇ. ಹತ್ತರಲ್ಲಿ ಒಬ್ಬರು ಆರಿಸಿದ ಮಂಡಳಿಗಿಂತ ಅರ್ಧ ಊರು ಆರಿಸಿದ ಮಂಡಳಿಗೆ ಹೆಚ್ಚು ಬಲವಿರುತ್ತದೆ.

ಅವಧಿ ಮುಗಿಯುವವರೆಗೆ ಕಾಯಬೇಕೆಂದೂ ಇಲ್ಲ. ಸಾಕಷ್ಟು ಸಹಿ ಸಂಗ್ರಹಿಸಿದರೆ ಸದಸ್ಯರನ್ನು ನಡುವೆಯೇ ಹಿಂದಕ್ಕೆ ಕರೆಸುವ ಮತದಾನ ನಡೆಸಬಹುದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2022ರ ಫೆಬ್ರವರಿಯಲ್ಲಿ ಮೂವರು ಸದಸ್ಯರನ್ನು ಹೀಗೆ ದೊಡ್ಡ ಅಂತರದಿಂದ ಕೆಳಗಿಳಿಸಿದರು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ ಅವನ್ನು ತೆರೆಯುವುದು ಬಿಟ್ಟು 44 ಶಾಲೆಗಳ ಹೆಸರು ಬದಲಿಸುವ ಚರ್ಚೆಯಲ್ಲಿ ಮಂಡಳಿ ಮುಳುಗಿತ್ತು ಎಂಬುದು ಪೋಷಕರ ಸಿಟ್ಟಿನ ಒಂದು ಮುಖ್ಯ ಕಾರಣ.

ಅದೇ ಸ್ಯಾನ್ ಫ್ರಾನ್ಸಿಸ್ಕೊದ ಇನ್ನೊಂದು ಸಂಗತಿ ಅಲ್ಲಿರುವ ಕನ್ನಡಿಗರಿಗೆ ನೇರವಾಗಿ ತಟ್ಟುವಂಥದ್ದು. ಎಚ್-1ಬಿ ವೀಸಾದಲ್ಲೋ ಗ್ರೀನ್ ಕಾರ್ಡಿನಲ್ಲೋ ಇರುವ ಪೋಷಕರ ಮಕ್ಕಳು ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಓದುತ್ತಾರೆ, ಬಾಡಿಗೆಯ ಮೂಲಕವೋ ಸ್ವಂತ ಮನೆಯ ಮೂಲಕವೋ ಆಸ್ತಿ ತೆರಿಗೆಯ ಭಾರ ಅವರ ಮೇಲೂ ಬೀಳುತ್ತದೆ, ಆದರೆ ನಾಗರಿಕರಲ್ಲದ್ದರಿಂದ ಮತವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ 2016ರಲ್ಲಿ ಇದಕ್ಕೊಂದು ದಾರಿ ಮಾಡಿತು: ನಗರದಲ್ಲಿ ವಾಸಿಸುವ, 19 ವರ್ಷದೊಳಗಿನ ಮಕ್ಕಳಿರುವ ಪೋಷಕರು ನಾಗರಿಕರಲ್ಲದಿದ್ದರೂ ಶಾಲಾ ಮಂಡಳಿಗೆ ಮಾತ್ರ ಮತ ಹಾಕಬಹುದು. 2022ರಲ್ಲಿ ಕೆಳ ನ್ಯಾಯಾಲಯ ಇದನ್ನು ರದ್ದು ಮಾಡಿತು, 2023ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಹೀಗೆ ನೋಂದಾಯಿಸಿದರೆ ಆ ಮಾಹಿತಿ ವಲಸೆ ಇಲಾಖೆಯ ಕೈಗೂ ಸಿಗಬಹುದೆಂದು ನಗರದ ಚುನಾವಣಾ ಇಲಾಖೆಯೇ ಎಚ್ಚರಿಸುವುದರಿಂದ, ವೀಸಾದಲ್ಲಿರುವವರು ವಕೀಲರನ್ನು ಕೇಳದೆ ಈ ಹಕ್ಕನ್ನು ಬಳಸುವುದು ಸರಿಯಲ್ಲ. ಇಂಥ ವಿನಾಯಿತಿಯಿಲ್ಲದ ಊರುಗಳಲ್ಲಿ ನಾಗರಿಕರಲ್ಲದವರು ಮತ ಹಾಕುವುದು ಅಪರಾಧ, ದೇಶದಿಂದ ಹೊರಹಾಕುವುದಕ್ಕೂ ಅದು ಕಾರಣವಾಗಬಹುದು.

ಮತವಿಲ್ಲದವರಿಗೆ ಸಭೆಯ ಬಾಗಿಲು ಮುಚ್ಚಿಲ್ಲ. 1953ರ ಬ್ರೌನ್ ಕಾಯ್ದೆಯ ಪ್ರಕಾರ ಕ್ಯಾಲಿಫೋರ್ನಿಯದ ಯಾವ ಸ್ಥಳೀಯ ಮಂಡಳಿಯೇ ಆಗಲಿ ತನ್ನ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು, ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಬೇಕು. ಒಳಗೆ ಬರಲು ಹೆಸರು ಬರೆಸಬೇಕೆಂಬ ಷರತ್ತು ಹಾಕುವಂತಿಲ್ಲ, ಪೌರತ್ವ ಕೇಳುವ ಮಾತಂತೂ ಇಲ್ಲ. ಲಾಸ್ ಏಂಜಲೀಸ್‌ನಲ್ಲಿ ಈ ಸಭೆಗಳು ನಡೆಯುವುದು ಸೌತ್ ಬೋಡ್ರಿ ರಸ್ತೆಯ 333ನೇ ನಂಬರಿನ ಎತ್ತರದ ಕಟ್ಟಡದಲ್ಲಿ. ತಮ್ಮ ಸರದಿ ಬಂದಾಗ ಮೈಕಿನ ಮುಂದೆ ನಿಂತ ತಾಯಿಗೆ ಸಿಗುವುದು ಕೆಲವೇ ನಿಮಿಷ. ಎದುರಿಗೆ ಕುಳಿತ ಏಳು ಜನರಲ್ಲಿ ಮುಂದಿನ ಬಾರಿ ಮತ ಕೇಳಲು ಬರುವವರು ಯಾರೆಂದು ಆಕೆಗೆ ಗೊತ್ತಿರುತ್ತದೆ, ಆಕೆ ಮಾತಾಡಿ ಕುಳಿತ ಮೇಲೆ ಒಬ್ಬೊಬ್ಬರ ಹೆಸರು ಕರೆದು ಮತ ಕೇಳಿದಾಗ ಅವರು ಏನೆಂದರು ಎಂಬುದು ನಡಾವಳಿಯಲ್ಲಿ ದಾಖಲಾಗುತ್ತದೆ.